ಕುದುರೆ ಸಮಿತಿಯ ಬೀರಲಿಂಗಣ್ಣ

ನಮ್ಮೂರು ಹುಳಿಯಾರಿನಿಂದ ಬೋರನಕಣಿವೆಗೆ ಹೋಗುವ ದಾರಿಯಲ್ಲಿದೆ. ಇಲ್ಲಿ ಬೀರಲಿಂಗಣ್ಣನವರನ್ನು ಹುಡುಕಿಕೊಂಡು ಬಂದವರು ಮನೆ ಯಾವುದು ಎಂದು ಕೇಳುವುದಿಲ್ಲ, ಈಗ ಯಾವ ಸಮಿತಿಯಲ್ಲಿದ್ದಾರೆ ಎಂದು ಕೇಳುತ್ತಾರೆ. ಅವರಿಗೆ ಅರವತ್ತು ದಾಟಿದೆ. ಒಂದಿಷ್ಟು ತೆಂಗು, ಎರಡು ಹಸು, ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ. ಇಷ್ಟಿದ್ದ ಮನುಷ್ಯ ಜಗಲಿಯ ಮೇಲೆ ನೆಮ್ಮದಿಯಾಗಿ ಕೂರಬಹುದಿತ್ತು. ಆದರೆ ನಾಲ್ಕು ಜನ ಒಟ್ಟಿಗೆ ನಿಂತದ್ದು ಕಂಡರೆ ಸಾಕು, ಇವರಿಗೊಬ್ಬ ಅಧ್ಯಕ್ಷ ಬೇಕಲ್ಲ ಎಂದು ಅವರಿಗೆ ಅನ್ನಿಸಿಬಿಡುತ್ತದೆ.

ಚಿರತೆ ಕಾವಲು ಸಮಿತಿ ಎಂದು ಒಂದು ಮಾಡಿದ್ದರು. ಚಿರತೆ ಬರಲಿಲ್ಲ, ಆಮೇಲೆ ಸದಸ್ಯರೂ ಬರಲಿಲ್ಲ. ವಾಚನಾಲಯ ಸಮಿತಿಯು ಪತ್ರಿಕೆಯನ್ನು ಟೀ ಅಂಗಡಿಯಲ್ಲಿಡಬೇಕೋ ಶಾಲೆಯಲ್ಲಿಡಬೇಕೋ ಎಂಬ ಜಗಳದಲ್ಲಿ ಮುಗಿಯಿತು. ನಮ್ಮೂರ ಹತ್ತಿರ ರೈಲು ಹಳಿಯೇ ಇಲ್ಲ. ಆದರೂ ಅಮ್ಮಸಂದ್ರದಲ್ಲಿ ಎಕ್ಸ್‌ಪ್ರೆಸ್ ರೈಲು ನಿಲ್ಲಬೇಕು ಎಂಬ ಸಮಿತಿಗೆ ಇಲ್ಲಿಂದ ಬಸ್ಸು ಹತ್ತಿ ಹೋಗಿ ಸೇರಿಕೊಂಡಿದ್ದರು. ಒಂದು ದಿನ ಸಿಗ್ನಲ್ ಬೀಳದೆ ರೈಲು ಅಲ್ಲಿ ನಿಂತಿತು. ಇವರು ಅದನ್ನೇ ಜಯವೆಂದು ತಿಳಿದು, ಲಾಡು ಹಂಚಿ, ಭಾಷಣ ಮಾಡಿ, ಸಮಿತಿಯನ್ನು ಮುಗಿಸಿ ಊರಿಗೆ ಬಂದರು. ಮರುದಿನ ರೈಲು ಎಂದಿನಂತೆ ಧೂಳೆಬ್ಬಿಸಿಕೊಂಡು ಹೋಯಿತು.

“ನಿಮ್ ಸಮಿತಿಗಿಂತ ನಾನ್ ಕಲ್ಸಿದ್ ಚಿತ್ರಾನ್ನನೇ ಜಾಸ್ತಿ ಬಾಳಿಕೆ ಬತ್ತದೆ,” ಎಂದು ಅವರ ಹೆಂಡತಿ ಸಿದ್ದಗಂಗಮ್ಮ ಹೇಳುವುದುಂಟು.

ಮಾತು ಸುಳ್ಳಲ್ಲ. ಬೀರಲಿಂಗಣ್ಣ ಕಟ್ಟಿದ ಯಾವ ಸಮಿತಿಯೂ ಎರಡನೇ ವರ್ಷ ನೋಡಿರಲಿಲ್ಲ. ಇದು ಅವರಿಗೆ ಒಳಗೊಳಗೇ ಚುಚ್ಚುತ್ತಿತ್ತು. ಒಮ್ಮೆ ಅಟ್ಟದಿಂದ ಒಂದು ಕಾಯಿ ಇಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನನಗೆ ಹೇಳಿದ್ದರು: “ನೋಡವ್ವ ಪವಿತ್ರ, ಇದು ವರ್ಷ ಅಟ್ಟದ ಮ್ಯಾಲೆ ಕೂತ್ಮೇಲೇ ಒಳಗೆ ಕೊಬ್ರಿ ಆಗಿ ಲೊಟಲೊಟ ಅನ್ನೋದು. ನಂದು ಒಂದೇ ಒಂದ್ ಸಮಿತಿ ಹಿಂಗೆ ವರ್ಷ ತುಂಬಿ ಸದ್ದು ಮಾಡ್ಬೇಕು ಕಣವ್ವ. ಎಲ್ಲಾ ಹಸಿ ಇದ್ದಾಗಲೇ ಕೊಳ್ತೋಯ್ತವೆ.”

ನಾನು ಅವರ ಪಕ್ಕದ ಮನೆಯವಳು. ನಮ್ಮ ಬೀದಿಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ ಆದ್ದರಿಂದ ಅವರ ಸಮಿತಿಗಳಿಗೆಲ್ಲ ನಾನೇ ಕಾರ್ಯದರ್ಶಿ.

ಹೀಗಿರುವಾಗ ತುರುವೇಕೆರೆಯ ತಿಲಕ್ ನಮ್ಮೂರಿಗೆ ಬಂದ. ಅಪ್ಪನ ತೋಟದ ಮಗ್ಗುಲಲ್ಲೇ ಲಾಯ ಕಟ್ಟಿಸಿ ಮೂರು ಕುದುರೆ ಸಾಕಿಕೊಂಡಿರುವ ಯುವಕ. ಕುದುರೆಯ ಮೇಲೆ ಕಾಡುದಾರಿ, ತೋಟದ ದಾರಿ ಹಿಡಿದು ಬಹುದೂರ ಹೋಗಿಬರುವ ಸ್ಪರ್ಧೆಯೊಂದಿದೆ. ಬೇಗ ಬಂದರಷ್ಟೇ ಸಾಲದು. ಬಂದ ಮೇಲೆ ಡಾಕ್ಟರು ಕುದುರೆಯ ಎದೆಬಡಿತ ನೋಡುತ್ತಾರೆ, ಕಾಲು ನೋಡುತ್ತಾರೆ. ಕುದುರೆ ದಣಿದು ಸೋತಿದ್ದರೆ ಸವಾರನೂ ಸೋತಂತೆ. ರಾಷ್ಟ್ರಮಟ್ಟದ ಆಯ್ಕೆಗೆ ಹೋಗುವವರು ಮೊದಲು ಇಂಥ ಸವಾರಿಗಳನ್ನು ಮುಗಿಸಿ ಅರ್ಹತೆ ಪಡೆಯಬೇಕು. ನಮ್ಮ ಸೀಮೆಯಲ್ಲಿ ಅಂಥದ್ದು ನಡೆದೇ ಇರಲಿಲ್ಲ. ಅದಕ್ಕೆ ಕುದುರೆಗಿಂತ ಹೆಚ್ಚಾಗಿ ಜನ ಬೇಕು. ದಾರಿಗೆ ಗುರುತು ಕಟ್ಟಬೇಕು, ನೀರಿನ ತೊಟ್ಟಿ ತುಂಬಬೇಕು, ಟಾರು ರಸ್ತೆ ದಾಟುವಲ್ಲಿ ಬಸ್ಸು ನಿಲ್ಲಿಸಬೇಕು. ಎಲ್ಲವನ್ನೂ ಬಿಟ್ಟಿಯಾಗಿ ಮಾಡಬೇಕು.

“ಒಂದು ಸ್ವಯಂಸೇವಕ ಸಮಿತಿ ಆಗ್ಬೇಕು ಅಣ್ಣ,” ಎಂದ ತಿಲಕ್.

“ಆಯ್ತು ಅನ್ಕೊ,” ಎಂದರು ಬೀರಲಿಂಗಣ್ಣ. “ಅಧ್ಯಕ್ಷ ಸಿಕ್ದ. ಏನ್ ಸಮಿತಿ?”

“ಕುದುರೆದು.”

ಬೀರಲಿಂಗಣ್ಣನ ಮುಖ ಬಿಳುಪಾಯಿತು. ಒಳಗಿಂದ ಸಿದ್ದಗಂಗಮ್ಮ ನಕ್ಕ ಸದ್ದು ಬೀದಿಗೆ ಕೇಳಿಸಿತು.

ನಗುವಿಗೆ ಕಾರಣವಿತ್ತು. ಬೀರಲಿಂಗಣ್ಣನ ಮದುವೆಯಲ್ಲಿ ಅವರ ಸೋದರಮಾವ ಆಸೆಪಟ್ಟು ಹುಳಿಯಾರಿನಿಂದ ಜಟಕಾ ಕುದುರೆಯೊಂದನ್ನು ಮೆರವಣಿಗೆಗೆ ತರಿಸಿದ್ದರು. ಓಲಗದ ಸದ್ದಿಗೆ ಬೆದರಿದ ಕುದುರೆ, ಮದುಮಗನನ್ನು ಹೊತ್ತುಕೊಂಡೇ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದು ಹುಳಿಯಾರಿನ ತನ್ನ ಲಾಯಕ್ಕೆ ಹೋಗಿ ನಿಂತಿತು. ಇತ್ತ ಹೆಣ್ಣು ಹಸೆಯ ಮೇಲೆ ಕೂತು ಕಾಯುತ್ತಿದ್ದಳು. ಬಾಸಿಂಗ ಕಟ್ಟಿಕೊಂಡ ಗಂಡು ಸಿಮೆಂಟು ಲಾರಿಯೊಂದರಲ್ಲಿ ಮೈಯೆಲ್ಲ ಬೂದಿ ಬಳಿದುಕೊಂಡಂತೆ ವಾಪಸು ಬಂದರು. ಅಂದಿನಿಂದ ಅವರು ಕುದುರೆ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

“ನೀವ್ ಅದ್ರ ಮೇಲೆ ಕೂರೋದ್ ಬ್ಯಾಡ ಅಣ್ಣ,” ಎಂದು ತಿಲಕ್ ಸಮಾಧಾನ ಮಾಡಿದ. “ಮೇಲಿನ ಒಕ್ಕೂಟದಿಂದ ಒಬ್ರು ವೀಕ್ಷಕರು ಬತ್ತಾರೆ. ಈ ಸಲ ನೆಟ್ಟಗೆ ಮಾಡಿ ತೋರ್ಸಿದ್ರೆ ಮುಂದಿನ ವರ್ಷದ ಸ್ಪರ್ಧೆ ಪಟ್ಟೀಲಿ ನಮ್ಮ ಬೋರನಕಣಿವೆ ಹೆಸ್ರೂ ಸೇರ್ತದೆ. ಆಮೇಲೆ ಪ್ರತಿ ವರ್ಷ.”

ಪ್ರತಿ ವರ್ಷ! ಆ ಮಾತು ಬೀರಲಿಂಗಣ್ಣನ ಭಯದ ಮೇಲೆ ಹತ್ತಿ ಕುಳಿತಿತು. ಅಂದೇ ಸಂಜೆ ಸಮಿತಿ ಹುಟ್ಟಿತು.

ಮೊದಲ ಸಭೆಯ ವಿಷಯ ದಾರಿ ಗುರುತು. ಸವಾರರಿಗೆ ಊರು ಹೊಸದು, ತೋಟಗಳ ನಡುವಿನ ದಾರಿಗಳೆಲ್ಲ ಒಂದೇ ಥರ ಕಾಣುತ್ತವೆ. ಎದ್ದು ಕಾಣುವ ಬಣ್ಣದ ಪಟ್ಟಿಯನ್ನು ಮರಮರಕ್ಕೆ ಕಟ್ಟಬೇಕು. ಪ್ಲಾಸ್ಟಿಕ್ ಪಟ್ಟಿ ಬೇಡ, ಹಸು ತಿಂದಾವು ಎಂದು ಪಶುವೈದ್ಯ ಗಂಗಾಧರಯ್ಯನವರು ಮೊದಲೇ ಹೇಳಿದ್ದರು.

“ಬಟ್ಟೆ ಕಟ್ಟಾನ. ಅರಿಶಿನದಲ್ಲಿ ಅದ್ದಿದ್ರೆ ಮೈಲಿ ದೂರಕ್ ಕಾಣ್ತದೆ,” ಎಂದರು ಬೀರಲಿಂಗಣ್ಣ.

ಎಲ್ಲರೂ ತಲೆಯಾಡಿಸಿದರು. ಬರೆದುಕೊಂಡವಳು ನಾನು. ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಸಿದ್ದಗಂಗಮ್ಮ ಹಳೆಯ ಪಂಚೆಗಳನ್ನು ಅರಿಶಿನದ ನೀರಿನಲ್ಲಿ ನೆನೆಸಿ, ಒಣಗಿಸಿ, ಪಟ್ಟಿಪಟ್ಟಿಯಾಗಿ ಹರಿದುಕೊಟ್ಟರು. “ಈ ಪಂಚೆ ಉಟ್ಕೊಂಡು ಎಷ್ಟ್ ಸಮಿತಿ ಮುಗ್ಸಿದ್ರೋ! ಹರಿಯೋಕ್ ಖುಷಿ ಆಯ್ತದೆ,” ಎಂದರು.

ಸವಾರಿಯ ಹಿಂದಿನ ದಿನ ಬೆಳಗ್ಗೆ ಗುರುತು ಕಟ್ಟಲು ಹೊರಟೆವು. ದಾರಿ ಮಗ್ಗುಲಿನ ತೋಟದವರಿಗೆಲ್ಲ ಬೀರಲಿಂಗಣ್ಣ ಮುಂಚೆಯೇ ಹೇಳಿದ್ದರು. ಆದರೆ ಹೇಳಿದ್ದು ಗಂಡಸರಿಗೆ, ಅದೂ ಟೀ ಅಂಗಡಿಯಲ್ಲಿ. ಅಲ್ಲಿ ಕೇಳಿದ ಮಾತನ್ನು ನಮ್ಮ ಗಂಡಸರು ಮನೆಗೆ ಒಯ್ಯುವ ರೂಢಿಯಿಲ್ಲ. ಯಾವ ಕೆಲಸವನ್ನೂ ಪೂಜೆಯಿಲ್ಲದೆ ಶುರುಮಾಡದ ಬೀರಲಿಂಗಣ್ಣ ಮೊದಲ ತೆಂಗಿನ ಮರಕ್ಕೆ ಹಳದಿ ಬಟ್ಟೆ ಕಟ್ಟಿ, ಊದುಬತ್ತಿ ಹಚ್ಚಿ, ಕಾಯಿ ಒಡೆದು, ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ತೆರೆದಾಗ ಎದುರಿಗೆ ಊರಾಚೆಯ ಹಟ್ಟಿಯ ಚಿತ್ತಮ್ಮಜ್ಜಿ ಕುರಿಗಳ ಜೊತೆ ನಿಂತಿದ್ದರು.

“ಏನ್ಲಾ ಬೀರ ಇದು?”

“ಒಳ್ಳೇ ಕೆಲ್ಸಕ್ಕೆ ಕಣವ್ವ. ಎಲ್ಲಾ ಚೆಂದಾಗ್ ಆಗ್ಲಿ ಅಂತ ನೀನೂ ಒಂದ್ ಸಲ ಬೇಡ್ಕೊಂಡ್ಬುಡು,” ಎಂದು ಹೇಳಿ ಬೀರಲಿಂಗಣ್ಣ ಆತುರದಲ್ಲಿ ಮುಂದಿನ ಮರಕ್ಕೆ ಹೋದರು.

ಅಜ್ಜಿ ಬೇಡಿಕೊಂಡರು. ಕುರಿಗಳೂ ಸ್ವಲ್ಪ ಹೊತ್ತು ನಿಂತವು.

ನಮ್ಮ ಕಡೆ ಹರಕೆ ಹೊತ್ತವರು ಅರಿಶಿನದ ಬಟ್ಟೆ ಕಟ್ಟುತ್ತಾರೆ. ಆ ವರ್ಷ ತೆಂಗಿಗೆ ಕಪ್ಪುತಲೆ ಹುಳು ಬಿದ್ದು ಗರಿಗಳೆಲ್ಲ ಸುಟ್ಟಂತೆ ಒಣಗಿದ್ದವು. ಹೀಗಿರುವಾಗ ಒಬ್ಬ ಮನುಷ್ಯ ತೆಂಗಿನ ಮರಕ್ಕೆ ಅರಿಶಿನದ ಬಟ್ಟೆ ಕಟ್ಟಿ ಕಾಯಿ ಒಡೆದರೆ ಅದಕ್ಕೆ ಬೇರೆ ಅರ್ಥ ಎಲ್ಲಿಂದ ಬರಬೇಕು? ಮಧ್ಯಾಹ್ನದೊಳಗೆ ಸುದ್ದಿ ಹಟ್ಟಿಯಿಂದ ಊರಿಗೆ, ಊರಿಂದ ಪಕ್ಕದೂರಿಗೆ ಹೋಯಿತು. ದಾರಿ ಮಗ್ಗುಲಿನ ಮರಗಳಿಗೆ ಹರಕೆ ಆಗಿದೆ, ಒಳಗಿನ ತೋಟದವುಗಳಿಗೆ ಆಗಿಲ್ಲ. “ನಮ್ ತೋಟ ಏನ್ ಪಾಪ ಮಾಡಿತ್ತು?” ಎಂದು ಹೆಂಗಸರು ಕೇಳಿದರು. ಮನೆಮನೆಯಲ್ಲೂ ಅರಿಶಿನದ ನೀರು ಕಲೆಸಿದರು.

ಬೆಳಗಾಯಿತು. ಬೋರನಕಣಿವೆ ಜಲಾಶಯದ ಏರಿಯ ಕೆಳಗಿನ ಬಯಲಿನಲ್ಲಿ ತಿಲಕನೂ ಸೇರಿ ಸವಾರರು ಸಾಲಾಗಿ ನಿಂತರು. ವೀಕ್ಷಕರಾಗಿ ವನಿತಾ ಮೇಡಂ ಬಂದಿದ್ದರು. ವರ್ಷಗಟ್ಟಲೆ ಸವಾರಿ ಮಾಡಿದವರು, ನಗು ಕಡಿಮೆ. ಒಟ್ಟು ಎರಡು ಸುತ್ತು. ಒಂದು ಸುತ್ತು ಮುಗಿದ ಮೇಲೆ ಕುದುರೆಗಳಿಗೆ ತಪಾಸಣೆ, ವಿಶ್ರಾಂತಿ, ಆಮೇಲೆ ಅದೇ ದಾರಿಯಲ್ಲಿ ಇನ್ನೊಂದು ಸುತ್ತು. ಬೀರಲಿಂಗಣ್ಣ ಬಿಳಿ ಪಂಚೆ ಉಟ್ಟು, ಅಧ್ಯಕ್ಷರೆಂಬ ಬಿಲ್ಲೆ ಸಿಕ್ಕಿಸಿಕೊಂಡು, ಕುದುರೆಗಳಿಂದ ಸಾಕಷ್ಟು ದೂರದಲ್ಲಿ ನಿಂತು ಹಸಿರು ಬಾವುಟ ಬೀಸಿದರು.

ಕುದುರೆಗಳು ತೋಟದೊಳಗೆ ಹೊಕ್ಕವು. ಬರಬೇಕಾದ ಹೊತ್ತಿಗೆ ಒಂದೂ ಬರಲಿಲ್ಲ. ಮೊದಲು ತಿಲಕನ ಫೋನು ಬಂತು.

“ಅಣ್ಣಾ, ಇದ್ಯಾವ್ ದಾರಿ? ಎತ್ಲಾಗೆ ನೋಡಿದ್ರೂ ಹಳ್ದಿ ಬಟ್ಟೆ! ನಾನೀಗ ಯಾರ್ದೋ ಹಿತ್ಲಲ್ಲಿ ನಿಂತಿವ್ನಿ. ಪಾತ್ರೆ ತೊಳೀತಿದ್ದೋರು ಎದ್ದು ಕುದುರೆಗೆ ಕೈ ಮುಗೀತಾವ್ರೆ!”

ಸ್ವಲ್ಪ ಹೊತ್ತಿನಲ್ಲಿ ಬೇರೆಬೇರೆ ದಿಕ್ಕಿನಿಂದ ಸವಾರರು ಬಂದರು. ಬಹುಪಾಲು ಜನರನ್ನು ತೋಟದವರೇ ದಾರಿ ತೋರಿಸಿ ಕರೆತಂದಿದ್ದರು. ಹರಕೆ ಕಟ್ಟಿದ ಮಾರನೇ ದಿನವೇ ಕುದುರೆ ತೋಟಕ್ಕೆ ಬಂದರೆ ಅದಕ್ಕಿಂತ ಒಳ್ಳೆಯ ಶಕುನ ಯಾವುದು? ಮೋನಿಕಾ ಎಂಬ ಹುಡುಗಿಯ ಕುದುರೆಯ ಹಣೆಗೆ ಕುಂಕುಮ, ಕೊರಳಿಗೆ ಕನಕಾಂಬರದ ಹಾರ. ಅವಳ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

“ಹೋದ ತೋಟದಲ್ಲೆಲ್ಲ ಎಳನೀರು ಕೊಟ್ರು ಮೇಡಂ,” ಎಂದಳು ಅವಳು ವನಿತಾ ಅವರಿಗೆ. “ಒಂದ್ಕಡೆ ಆರತಿ ಎತ್ತಿದ್ರು. ದಾರಿ ಬಿಟ್ಟು ಬಾಕಿ ಎಲ್ಲಾ ಸಿಕ್ತು.”

ವನಿತಾ ಮೇಡಂ ನಗಲಿಲ್ಲ. “ಅಧ್ಯಕ್ಷರೇ, ವಿಶ್ರಾಂತಿ ಮುಗಿಯೋದ್ರೊಳಗೆ ತಪ್ಪು ಗುರುತುಗಳನ್ನೆಲ್ಲ ಬಿಚ್ಚಿಸಿ. ಇಲ್ಲಾಂದ್ರೆ ಎರಡನೇ ಸುತ್ತು ನಡೆಯಲ್ಲ. ನಾನು ಇಲ್ಲಿಗೇ ನಿಲ್ಲಿಸ್ತೀನಿ.”

ಬೀರಲಿಂಗಣ್ಣ ಓಡಿದರು. ಹಿಂದೆ ನಾನೂ ಓಡಿದೆ. ಮೊದಲ ತೋಟ ಚಿತ್ತಮ್ಮಜ್ಜಿಯದೇ. ಅಜ್ಜಿ ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟರು.

“ಬಿಚ್ಬೇಕಾ? ಕಟ್ಟಿದ್ ಹರಕೆನ ವರ್ಷ ತುಂಬೋ ಗಂಟ ಬಿಚ್ತಾರೇನ್ಲಾ? ಅದೂ ಕಟ್ಟಿದ್ ಕೈನೇ ಬಿಚ್ಬೇಕು. ನಿಮ್ಮಪ್ಪ ಇಂಥಾ ಮಾತ್ ಆಡ್ತಿದ್ನಾ?”

“ಅವ್ವ, ಅದು ಹರಕೆ ಅಲ್ಲ ಕಣವ್ವ, ದಾರಿ ಗುರ್ತು!”

“ನೀನ್ ಕಟ್ಟಿದ್ದು ಗುರ್ತು ಇರ್ಬೋದು ಕಣಪ್ಪ. ನಾನ್ ಕಟ್ಟಿದ್ದು ಹರಕೆನೇ.”

ನಾನು ಒಂದು ಬಟ್ಟೆಗೆ ಕೈ ಹಾಕಹೋದೆ. ಬೀರಲಿಂಗಣ್ಣ ನನ್ನ ಕೈ ಹಿಡಿದುಕೊಂಡರು. “ಬ್ಯಾಡ ಬುಡವ್ವ. ಒಬ್ರು ನಂಬಿ ಕಟ್ಟಿರೋದನ್ನ ಕಿತ್ತು ನಾನ್ ಸಮಿತಿ ಉಳಿಸ್ಕೊಳ್ಳಾದು ಬ್ಯಾಡ,” ಎಂದು ಬದುವಿನ ಮೇಲೆ ಕುಕ್ಕರಿಸಿದರು. ಬಿಲ್ಲೆ ಬಾಗಿ ನೆಲ ನೋಡುತ್ತಿತ್ತು.

ಅವರ ಕಾಲಬುಡದಲ್ಲಿ ಉದುರಿದ ಒಣಗರಿಯೊಂದು ಬಿದ್ದಿತ್ತು. ಅದನ್ನು ಕೈಗೆತ್ತಿಕೊಂಡರು. ಕಾಯಿ ಕೀಳಿಸುವ ದಿನ ನಮ್ಮಲ್ಲಿ ತೋಟದ ಬಾಯಿಗೆ ಅಡ್ಡ ಒಂದು ಗರಿ ಎಳೆದುಬಿಡುತ್ತಾರೆ. ಮೇಲಿಂದ ಕಾಯಿ ಬೀಳುತ್ತಿದೆ, ಬರಬೇಡಿ ಎಂದು ಅದರ ಅರ್ಥ. ಗರಿ ಕಂಡರೆ ದನವೂ ಆಚೆಗೆ ತಿರುಗುತ್ತದೆ.

“ಅವ್ವ,” ಎಂದು ಬೀರಲಿಂಗಣ್ಣ ಎದ್ದು ನಿಂತರು. “ಬಟ್ಟೆ ಬಿಚ್ಚೋದ್ ಬ್ಯಾಡ. ನಿನ್ ತೋಟದ ಬಾಯಿಗೆ ಅಡ್ಡ ಒಂದ್ ಗರಿ ಎಳ್ದು, ಪಕ್ಕದಲ್ಲಿ ನೀನೇ ನಿಂತ್ಕೊ. ಕುದುರೆ ಬಂದ್ರೆ ಇತ್ಲಾಗಲ್ಲ, ಅತ್ಲಾಗೆ ಅಂತ ಕೈ ತೋರ್ಸು. ಅಷ್ಟ್ ಮಾಡ್ತೀಯಾ?”

“ಇಷ್ಟೇನಾ? ಇದ್ನ ಮೊದ್ಲೇ ಬೊಗಳೋಕಾಗ್ತಿರ್ಲಿಲ್ವ?” ಎಂದರು ಅಜ್ಜಿ. ಆಮೇಲೆ ತೋಟದ ಕಡೆ ತಿರುಗಿ ಒಂದು ಕೂಗು ಹಾಕಿದರು. ಕುರಿ ಕಾಯುವವರ ಕೂಗು. ಆಚೆ ತೋಟದಿಂದ ಯಾರೋ ಓಗೊಟ್ಟರು, ಅವರ ಕೂಗಿಗೆ ಅದರಾಚೆಯವರು. ಫೋನು ಮಾಡಿದ್ದರೆ ಅಷ್ಟು ಬೇಗ ಆಗುತ್ತಿರಲಿಲ್ಲ. ಸುದ್ದಿ ಹರಕೆಯ ಹಾದಿಯಲ್ಲೇ ಮತ್ತೆ ಓಡಿತು. ಹಟ್ಟಿ, ಊರು, ಪಕ್ಕದೂರು.

ಎರಡನೇ ಸುತ್ತು ಶುರುವಾದಾಗ ಪ್ರತಿ ತಪ್ಪು ದಾರಿಗೂ ಅಡ್ಡವಾಗಿ ಒಂದು ಗರಿ, ಪಕ್ಕದಲ್ಲಿ ಒಬ್ಬರು. ಸೆರಗು ಸಿಕ್ಕಿಸಿ ನಿಂತವರು, ಸೌಟು ಹಿಡಿದೇ ಬಂದವರು, ಮಗುವನ್ನು ಸೊಂಟದ ಮೇಲಿಟ್ಟುಕೊಂಡವರು. “ಅತ್ಲಾಗ್ ಹೋಗಪ್ಪಾ ಸ್ವಾಮಿ!” “ನೆಟ್ಟಗೋಗಿ ಬಲಕ್ ತಿರುಕ್ಕೊಳವ್ವಾ!” ಒಂದು ಕಡೆ ಗಂಡ ಬಲಗೈ, ಹೆಂಡತಿ ಎಡಗೈ ತೋರಿಸಿ ಸವಾರ ನಿಂತುಬಿಟ್ಟನಂತೆ. ಹೆಂಡತಿಯ ಕಡೆ ಹೋಗಿ ಸರಿದಾರಿಗೆ ಬಿದ್ದನಂತೆ.

ನಮ್ಮ ಸದಸ್ಯರೆಲ್ಲ ದಾರಿಯಲ್ಲಿದ್ದುದರಿಂದ ತಪಾಸಣೆಯ ಜಾಗದಲ್ಲಿ ಡಾಕ್ಟರ್ ಗಂಗಾಧರಯ್ಯ, ವನಿತಾ ಮೇಡಂ, ನಾನು, ಬೀರಲಿಂಗಣ್ಣ ಇಷ್ಟೇ ಜನ. ತಿಲಕ್ ಮೊದಲು ಬಂದ. ಇಳಿದವನೇ “ಅಣ್ಣ, ಒಂದ್ ನಿಮ್ಷ, ನೀರ್ ತತ್ತೀನಿ,” ಎಂದು ಲಗಾಮನ್ನು ಹತ್ತಿರವಿದ್ದವರ ಕೈಗಿಟ್ಟು ಓಡಿದ. ಹತ್ತಿರವಿದ್ದವರು ಬೀರಲಿಂಗಣ್ಣ.

ಅವರು ಲಗಾಮು ಹಿಡಿದು ಕಲ್ಲಿನ ಹಾಗೆ ನಿಂತರು. ಬಿಟ್ಟರೆ ಕುದುರೆ ಎಲ್ಲಿಗೆ ಹೋಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕುದುರೆ ಮೂತಿ ಚಾಚಿ ಅವರ ಜೇಬಿನಿಂದ ಇಣುಕುತ್ತಿದ್ದ ಅರಿಶಿನದ ಪಟ್ಟಿಯನ್ನು ಮೆಲ್ಲಗೆ ಎಳೆದು ಅಗಿಯತೊಡಗಿತು. ಡಾಕ್ಟರು ಕುದುರೆಯ ಎದೆಗೆ ಸ್ಟೆತಸ್ಕೋಪು ಇಟ್ಟು, ಗಡಿಯಾರ ನೋಡಿ, ತಲೆಯೆತ್ತಿದರು.

“ಕುದುರೇದು ಚೆನ್ನಾಗೈತೆ. ಪಾಸು. ಬೀರಲಿಂಗಣ್ಣನೋರೇ, ನೀವ್ ಮಾತ್ರ ಸ್ವಲ್ಪ ಕೂತ್ಕೊಳಿ. ನಿಮ್ ಎದೆ ಬಡ್ಕೊಳೋದು ಇಲ್ಲಿಗೇ ಕೇಳಿಸ್ತೈತೆ.”

ವನಿತಾ ಮೇಡಂ ಅಂದು ಮೊದಲ ಬಾರಿಗೆ ನಕ್ಕರು.

ನಗು ಬಂದರೂ ತೀರ್ಪು ಬದಲಾಗಲಿಲ್ಲ. ಸಂಜೆ, ಗರಿಗೆ ನಿಂತವರೆಲ್ಲ ಬಯಲಿಗೆ ಬಂದು ಸೇರಿದ್ದರು. ಮೇಡಂ ನೇರವಾಗಿಯೇ ಹೇಳಿದರು. “ಮೊದಲ ಸುತ್ತಿನಲ್ಲಿ ಎಲ್ಲರೂ ದಾರಿ ತಪ್ಪಿದ್ದಾರೆ. ಇದನ್ನ ಅರ್ಹತಾ ಸವಾರಿ ಅಂತ ಲೆಕ್ಕಕ್ಕೆ ತಗೊಳ್ಳಕ್ಕಾಗಲ್ಲ. ಮುಂದಿನ ವರ್ಷದ ಪಟ್ಟಿಗೂ ಶಿಫಾರಸು ಮಾಡೋದು ಕಷ್ಟ.”

ತಿಲಕ್ ಕುದುರೆಯ ಬೆನ್ನು ಉಜ್ಜುತ್ತಿದ್ದ. ಬೀರಲಿಂಗಣ್ಣ ಎದ್ದು ನಿಂತು, ಬಿಲ್ಲೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸಮಿತಿ ಮುಗಿಸುವ ಭಾಷಣ ಅವರಿಗೆ ಬಾಯಿಪಾಠ. ಕೇಳಿ ಕೇಳಿ ನಮಗೂ ಬಾಯಿಪಾಠ.

“ಪ್ರಿಯ ಬಂಧುಗಳೇ, ಇಲ್ಲಿಗೆ ಈ ಸಮಿತಿಯು ತನ್ನ ಕಾರ್ಯವನ್ನು...”

“ಲೇ ಬೀರ, ಮುಗ್ಸೋಕೆ ನೀನ್ಯಾರ್ಲಾ?”

ಚಿತ್ತಮ್ಮಜ್ಜಿ ಜನರ ನಡುವಿನಿಂದ ಮುಂದೆ ಬಂದರು. “ಹರಕೆ ಕಟ್ಟಿದ್ವಿ, ಮಾರ್ನೇ ದಿನ ತೋಟಕ್ ಕುದುರೆ ಬಂತು. ಹರಕೆ ಒಪ್ಕೊಂಡೈತೆ ಅಂತ ಅಲ್ವಾ? ಈಗ ವರ್ಷ ತುಂಬ್ದಾಗ ಕುದುರೆ ಮುಂದೇನೇ ಬಿಚ್ಬೇಕು. ಕುದುರೆ ಬರ್ದಿದ್ರೆ ಹೆಂಗ್ ಬಿಚ್ಚೋದು? ಹರಕೆ ಹಂಗೇ ಉಳೀತದೆ. ಪಾಪ ಯಾರಿಗೆ? ಸಮಿತಿಗೆ!”

“ಹೌದು ಮತ್ತೆ,” ಎಂದರು ಹಿಂದಿನಿಂದ ಹೆಂಗಸರು. ಗಂಡಸರೂ ಹೌದೆಂದರು. ಹೌದೆನ್ನದೆ ಮನೆಗೆ ಹೋಗುವಂತಿರಲಿಲ್ಲ.

ಬೀರಲಿಂಗಣ್ಣ ಬಿಲ್ಲೆ ಹಿಡಿದುಕೊಂಡೇ ಮೇಡಂ ಮುಖ ನೋಡಿದರು. ಮೇಡಂ ಜನರನ್ನು ನೋಡುತ್ತಿದ್ದರು.

“ನಾನು ಹೋದ ಕಡೆಯೆಲ್ಲ ಗುರುತು ಸರಿಯಾಗಿರುತ್ತೆ, ಜನ ಇರಲ್ಲ,” ಎಂದರು. “ಒಬ್ಬ ಸ್ವಯಂಸೇವಕನನ್ನ ನಿಲ್ಸೋಕೆ ಹತ್ತು ಫೋನು ಮಾಡ್ತೀವಿ. ಮುಂದಿನ ವರ್ಷವೂ ಇವರೆಲ್ಲ ಹೀಗೇ ದಾರೀಲಿ ನಿಲ್ತಾರಾ?”

“ನಿಲ್ದೆ?” ಎಂದರು ಅಜ್ಜಿ. “ಹರಕೆ ಬಿಚ್ಚೋಕೆ ಇನ್ನೊಬ್ರುನ್ನ ಕಳ್ಸೋಕಾಯ್ತದಾ?”

ಮೇಡಂ ತಾವು ಬರೆದದ್ದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು. ಮುಂದಿನ ವರ್ಷ ಪ್ರಾಯೋಗಿಕವಾಗಿ ಒಂದು ಅವಕಾಶ ಕೊಡಬಹುದು, ಗುರುತಿಗೆ ಹಳದಿ ಮಾತ್ರ ಬೇಡ. ಆ ಶಿಫಾರಸಿಗೆ ಮೇಲಿನಿಂದ ಒಪ್ಪಿಗೆ ಬರುವಷ್ಟರಲ್ಲಿ ಅಟ್ಟದ ಮೇಲಿನ ಕಾಯಿ ಅರ್ಧ ಒಣಗಿತ್ತು. ಅಷ್ಟು ದಿನವೂ ಬೀರಲಿಂಗಣ್ಣ ಬೇರೆ ಯಾವ ಸಮಿತಿಯನ್ನೂ ಸೇರಲಿಲ್ಲ. ವಾರಕ್ಕೊಮ್ಮೆ ತುರುವೇಕೆರೆಗೆ ಬಸ್ಸು ಹತ್ತಿ ತಿಲಕನ ಕುದುರೆಗೆ ಬಾಳೆಹಣ್ಣು ಮಾತ್ರ ಒಯ್ಯುತ್ತಿದ್ದರು. ಮೊದಮೊದಲು ಬೇಲಿಯಾಚೆಯಿಂದ ಎಸೆಯುತ್ತಿದ್ದವರು ಈಗ ತೋಳು ಪೂರ್ತಿ ಚಾಚಿ, ಮುಖ ಆ ಕಡೆ ತಿರುಗಿಸಿ, ಕೈಯಿಂದಲೇ ತಿನ್ನಿಸುತ್ತಾರೆ.

ಮೊನ್ನೆ ಸಭೆ ಸೇರಿತು. ಜಗಲಿ ಸಾಲದೆ ಜನ ಬೀದಿಯಲ್ಲೂ ಕೂತಿದ್ದರು. ನಾನು ಎದ್ದು “ಎರಡನೇ ವರ್ಷದ ಮೊದಲನೇ ಸಭೆ” ಎಂದು ಓದಿದೆ.

“ಇನ್ನೊಂದ್ ಸಲ ಓದವ್ವ,” ಎಂದರು ಬೀರಲಿಂಗಣ್ಣ. “ಹಿಂದ್ಗಡೆ ಕೇಳಿಸ್ಲಿಲ್ವಂತೆ.”

ಹಿಂದುಗಡೆಯವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಇನ್ನೊಮ್ಮೆ ಓದಿದೆ.

ಮೊದಲ ವಿಷಯ, ಗುರುತಿನ ಬಣ್ಣ. ಕೆಂಪು ಎಂದರು ಯಾರೋ. ಕೆಂಪು ಮಾರಮ್ಮಂದು, ಬೇಡವೆಂದಾಯಿತು. ಕಪ್ಪು ಶನಿದೇವರದು. ಬಿಳಿ ಎಂದರೆ ಸಾವಿನ ಮನೆಯ ನೆನಪು. ಹಸಿರು ಕಟ್ಟಿದರೆ ತೋಟದಲ್ಲಿ ಕಾಣುವುದೇ ಇಲ್ಲ. “ಈ ಸೀಮೇಲಿ ದೇವ್ರಿಲ್ದಿರೋ ಬಣ್ಣ ಯಾವ್ದಾರ ಐತೇನ್ರೋ?” ಎಂದು ಬೀರಲಿಂಗಣ್ಣ ತಲೆ ಮೇಲೆ ಕೈಯಿಟ್ಟುಕೊಂಡರು.

“ಗುಲಾಬಿ,” ಎಂದರು ಒಳಗಿಂದ ಸಿದ್ದಗಂಗಮ್ಮ. “ಬೀಟ್‌ರೂಟ್ ನೀರಲ್ಲಿ ನೆನ್ಸುದ್ರಾಯ್ತು. ನಿಮ್ದು ಇನ್ನೆರಡ್ ಪಂಚೆ ಉಳ್ದವೆ.”

ಎಲ್ಲರೂ ಒಪ್ಪಿ ಕೈಯೆತ್ತಿದರು. ಬರೆದುಕೊಳ್ಳಲು ನಾನು ಪೆನ್ನು ತೆಗೆಯುವಷ್ಟರಲ್ಲಿ ಚಿತ್ತಮ್ಮಜ್ಜಿ ಕೋಲು ಊರಿಕೊಂಡು ಎದ್ದರು.

“ಎಲ್ಲಿಗ್ ಹೊಂಟೆ ಅವ್ವ?”

“ಗುಲಾಬಿಗೂ ಯಾವ್ದಾರ ದೇವ್ರು ಐತೇನೋ, ಹಟ್ಟೀಲಿ ಕೇಳ್ಕೊಂಡ್ ಬತ್ತೀನಿ. ಆಮೇಲ್ ನೆನ್ಸೀರಂತೆ ಬಟ್ಟೆ.”

ಹಟ್ಟಿ ಅಷ್ಟು ಹತ್ತಿರವೇನಲ್ಲ, ಅಜ್ಜಿಯ ನಡಿಗೆಯೂ ನಿಧಾನ. ಎರಡು ಮೂರು ಜನ ಸಭೆ ಮುಗಿಯಿತೆಂದು ಪಂಚೆ ಕೊಡವಿ ಎದ್ದರು.

“ಕೂತ್ಕೊಳ್ರಲಾ!” ಎಂದು ಗದರಿದರು ಬೀರಲಿಂಗಣ್ಣ. “ಅವ್ವ ಬರೋ ಗಂಟ ಯಾರೂ ಏಳಂಗಿಲ್ಲ. ಸಭೆ ಮುಗ್ದಿಲ್ಲ.”